ಪಾಲುದಾರಿಕೆಯ ಲೆಕ್ಕಪುಸ್ತಕ ಮತ್ತು ಜಪ್ತಿಯ ಅಧಿಕಾರ: ಒಂದು ಐತಿಹಾಸಿಕ ಅವಲೋಕನ

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ‘ಕಡತ’ವೆಂದರೆ ಕಾಗದಪತ್ರಗಳ ಕಟ್ಟು. ಈ ಹೆಸರು ಮೊದಲು ಬಟ್ಟೆಯ ಲೆಕ್ಕಪುಸ್ತಕಕ್ಕೆ ಸೇರಿದ್ದು. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಬಳಪದಿಂದ ಬರೆದು, ಮಡಿಚಿಡಲಾಗುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಅಳಿಯುತ್ತಿತ್ತು. ಆದ್ದರಿಂದ ಕಡತದ ಪ್ರಾಮಾಣ್ಯವು ಅದನ್ನು ಇಟ್ಟವರ ಮೇಲಿನ ನಂಬಿಕೆಯನ್ನೂ ಅವಲಂಬಿಸಿತ್ತು. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕವನ್ನು ಪೂಜಿಸುವ ವರ್ತಕರ ಆಚರಣೆಯ ಹಿಂದೆಯೂ ಈ ಭಾವವಿದೆ. ಹಲವರ ನಂಬಿಕೆಯ ಇಂತಹ ಪುಸ್ತಕವನ್ನು ತನಿಖೆಗಾಗಿ ಒಯ್ಯುವ ಅಧಿಕಾರದ ಮಿತಿ ಯಾವುದೆಂಬುದು ಪಾಲುದಾರಿಕೆಯ ಕಾನೂನಿನ ಇತಿಹಾಸದಲ್ಲಿ ಮಹತ್ವದ ಪ್ರಶ್ನೆಯಾಗಿದೆ.

ಬ್ರಿಟಿಷ್ ಭಾರತದಲ್ಲಿ ಪಾಲುದಾರಿಕೆಯ ನಿಯಮಗಳು ಮೊದಲು 1872ರ ಕರಾರು ಅಧಿನಿಯಮದ ಭಾಗವಾಗಿದ್ದವು. 1932ರಲ್ಲಿ ಪ್ರತ್ಯೇಕ ಅಧಿನಿಯಮ ರೂಪುಗೊಂಡಿತು. ಅದರ 9ನೆಯ ಕಲಂ ಪಾಲುದಾರರು ಪರಸ್ಪರ ಸತ್ಯವಾದ ಲೆಕ್ಕ ಒಪ್ಪಿಸಬೇಕೆಂದು ವಿಧಿಸುತ್ತದೆ. 12ನೆಯ ಕಲಂ, ಬೇರೆ ಕರಾರಿಲ್ಲದಿದ್ದಲ್ಲಿ, ಪುಸ್ತಕಗಳನ್ನು ನೋಡುವ ಹಾಗೂ ನಕಲು ಪಡೆಯುವ ಹಕ್ಕನ್ನು ಪ್ರತಿಯೊಬ್ಬ ಪಾಲುದಾರನಿಗೂ ನೀಡುತ್ತದೆ. ಪುಸ್ತಕ ಒಬ್ಬನ ಪೆಟ್ಟಿಗೆಯಲ್ಲಿದ್ದರೂ ಅದರ ಮೇಲಿನ ಹಕ್ಕು ಎಲ್ಲರದು. ಪಾಲುದಾರರ ನಡುವಣ ವ್ಯಾಜ್ಯದಲ್ಲಿ ಲೆಕ್ಕಪರಿಶೀಲನೆಗೆ ಕಮಿಷನರನ್ನು ನೇಮಿಸುವ ಅಧಿಕಾರವನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ನ್ಯಾಯಾಲಯಕ್ಕೆ ಕೊಟ್ಟಿದೆ.

ರಾಜ್ಯವೇ ಪುಸ್ತಕವನ್ನು ಒಯ್ಯುವ ಅಧಿಕಾರದ ಬೆಳವಣಿಗೆ ಬೇರೆ ದಾರಿಯದು. 1922ರ ಆದಾಯ ತೆರಿಗೆ ಕಾಯಿದೆಗೆ ಶೋಧನೆ ಮತ್ತು ಜಪ್ತಿಯ ಅಧಿಕಾರ ಸೇರಿದ್ದು 1956ರಲ್ಲಿ. 1961ರ ಕಾಯಿದೆಯಲ್ಲಿ ಇದು 132ನೆಯ ಕಲಮಿನಲ್ಲಿ ನೆಲೆಗೊಂಡಿತು. ಜಪ್ತಿಯಾದ ಪುಸ್ತಕಗಳನ್ನು ಕಾರಣ ದಾಖಲಿಸಿ ಮೇಲಧಿಕಾರಿಯ ಅನುಮೋದನೆ ಪಡೆಯದೆ 180 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿರಲಿಲ್ಲ. 2002ರಲ್ಲಿ ಈ ಅವಧಿ ತೆರಿಗೆ ನಿರ್ಧಾರದ ಆದೇಶದಿಂದ 30 ದಿನಗಳೆಂದು ಬದಲಾಯಿತು. ಅಂದರೆ ಗಡುವಿನ ಎಣಿಕೆ ಆರಂಭವಾಗುವ ದಿನವೇ ಅಧಿಕಾರಿಯ ಕೈಗೆ ಬಂದಿತು.

ಇಲ್ಲಿ ಒಂದು ಸೂಕ್ಷ್ಮ ಅಂಶ ಗಮನಾರ್ಹ. 1961ರ ಕಾಯಿದೆಯು ನಕಲು ಮಾಡಿಕೊಳ್ಳುವ ಅವಕಾಶ ನೀಡಿದ್ದು ಪುಸ್ತಕ ಯಾರ ವಶದಲ್ಲಿತ್ತೋ ಅವರಿಗೆ. ಪುಸ್ತಕದ ಮೇಲೆ ಕಾನೂನುಬದ್ಧ ಹಕ್ಕುಳ್ಳವರಿಗೆ ದೊರೆತದ್ದು, ಅವಧಿ ವಿಸ್ತರಣೆಯನ್ನು ಆಕ್ಷೇಪಿಸುವ ಅವಕಾಶ. ಇತ್ತ 1932ರ ಅಧಿನಿಯಮಕ್ಕೆ ಪಾಲುದಾರರೆಲ್ಲರೂ ಸಮಾನರು. ತನಿಖೆಗೆ ಸಂಬಂಧವೇ ಇಲ್ಲದ ಪಾಲುದಾರನಿಗೆ ತನ್ನ ಪಾಲನ್ನು ಸ್ಥಾಪಿಸಲು ಇರುವ ಆಧಾರವೂ ಅದೇ ಪುಸ್ತಕ. ಜಪ್ತಿಯ ಹೊರೆ ಅವನ ಮೇಲೂ ಬೀಳುತ್ತದೆ.

ಪುಸ್ತಕದ ಪ್ರಾಮಾಣ್ಯದ ವಿಷಯದಲ್ಲಿಯೂ ಎರಡು ಧೋರಣೆಗಳಿವೆ. 1872ರ ಸಾಕ್ಷ್ಯ ಅಧಿನಿಯಮದ 34ನೆಯ ಕಲಮಿನಂತೆ, ಕ್ರಮಬದ್ಧ ಲೆಕ್ಕದ ನಮೂದೂ ತಾನೊಂದೇ ಯಾರ ಮೇಲೂ ಹೊಣೆ ಹೊರಿಸಲಾರದು. ತೆರಿಗೆ ಕಾಯಿದೆಗೆ 1975ರಲ್ಲಿ ಸೇರಿದ ಉಪಕಲಮಾದರೋ, ಶೋಧನೆಯಲ್ಲಿ ದೊರೆತ ಪುಸ್ತಕ ವಶದಲ್ಲಿದ್ದವನದೇ, ಅದರಲ್ಲಿರುವುದು ಸತ್ಯವೇ ಎಂದು ಭಾವಿಸಲು ಅವಕಾಶ ನೀಡಿತು.

ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳೂ ಬಹುಕಾಲ ರಾಜ್ಯದ ಪರವಾಗಿದ್ದವು. 1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ 8 ನ್ಯಾಯಾಧೀಶರ ಪೀಠವು ಶೋಧನೆಯನ್ನು ಬಲವಂತದ ಸಾಕ್ಷ್ಯವೆಂದು ಪರಿಗಣಿಸಲಿಲ್ಲ. 1973ರ ಡಿಸೆಂಬರಿನ ಪೂರಣ್ ಮಲ್ ತೀರ್ಪು ಅಕ್ರಮ ಶೋಧನೆಯಲ್ಲಿ ದೊರೆತ ದಾಖಲೆಯನ್ನೂ ಬಳಸಬಹುದೆಂದಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ 9 ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಆ ಮಟ್ಟಿಗೆ ಶರ್ಮಾ ತೀರ್ಪನ್ನು ತಳ್ಳಿಹಾಕಿತು.

2023ರ ಭಾರತೀಯ ಸಾಕ್ಷ್ಯ ಅಧಿನಿಯಮವು ಹಳೆಯ 34ನೆಯ ಕಲಮಿನ ತತ್ತ್ವವನ್ನು ಉಳಿಸಿಕೊಂಡಿದೆ. 2025ರ ಆದಾಯ ತೆರಿಗೆ ಅಧಿನಿಯಮವು ಶೋಧನೆಯ ವ್ಯಾಪ್ತಿಯನ್ನು ಡಿಜಿಟಲ್ ನೆಲೆಗಳಿಗೂ ವಿಸ್ತರಿಸಿದೆ. ಬಟ್ಟೆಯ ಕಡತದಿಂದ ಗಣಕಯಂತ್ರದವರೆಗೆ ಪುಸ್ತಕದ ರೂಪ ಬದಲಾಗಿದ್ದರೂ ಅದು ಹಲವರ ಸೊತ್ತೆಂಬ ಸಂಗತಿ ಬದಲಾಗಿಲ್ಲ. ಜಪ್ತಿಯ ವೇಳೆ ಪ್ರತಿಯೊಬ್ಬ ಪಾಲುದಾರನಿಗೂ ನಕಲು ದೊರೆಯುವ ಖಚಿತ ವ್ಯವಸ್ಥೆಯಿದ್ದಲ್ಲಿ ಮಾತ್ರ ರಾಜ್ಯದ ತನಿಖೆಯೂ ವರ್ತಕರ ಪರಸ್ಪರ ನಂಬಿಕೆಯೂ ಒಟ್ಟಿಗೆ ಉಳಿಯಬಲ್ಲವು.