ಮಾಗ್ಡೆಬುರ್ಗಿನ ಅರ್ಧಗೋಲಗಳು

ಜರ್ಮನಿಯ ಮಾಗ್ಡೆಬುರ್ಗ್ ನಗರದ ಮೇಯರನಾಗಿದ್ದ ಆಟೋ ಫಾನ್ ಗೆರಿಕೆಯು, ಸುಮಾರು 50 ಸೆಂಟಿಮೀಟರ್ ವ್ಯಾಸವುಳ್ಳ ಎರಡು ತಾಮ್ರದ ಅರ್ಧಗೋಲಗಳ ನಡುವೆ ಮೇಣ, ಟರ್ಪೆಂಟೈನುಗಳಲ್ಲಿ ತೋಯಿಸಿದ ತೊಗಲಿನ ಬಳೆಯನ್ನಿರಿಸಿ, ತಾನೇ ನಿರ್ಮಿಸಿದ ವಾಯುರೇಚಕ ಯಂತ್ರದಿಂದ ಒಳಗಣ ಗಾಳಿಯನ್ನು ಹೊರಸೆಳೆದು, 1657ರಲ್ಲಿ ಇಕ್ಕೆಲಕ್ಕೂ ಎಂಟೆಂಟು ಕುದುರೆಗಳನ್ನು ಹೂಡಿ ಎಳೆಯಿಸಿದಾಗ, ಬೆಸುಗೆಯಾಗಲಿ ಕೀಲಾಗಲಿ ಇಲ್ಲದ ಆ ಗೋಲವು ಅವುಗಳ ಬಲಕ್ಕೆ ಸುಲಭದಲ್ಲಿ ಮಣಿಯಲಿಲ್ಲ. ಅದನ್ನು ಬಿಗಿದು ಹಿಡಿದುದು, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಂತೆ ಹೊರಗಿನಿಂದ ಒತ್ತುತ್ತಿದ್ದ ವಾಯುಮಂಡಲವೇ. ಆ ಬಲವೆಲ್ಲ ಕೂಡಿ ಸುಮಾರು 2 ಟನ್. ಇದಕ್ಕಿಂತಲೂ ಮನೋಹರವಾದುದು ಆತನ ಇನ್ನೊಂದು, ಆಡಂಬರವಿಲ್ಲದ ಪ್ರಯೋಗ: ಪಾತ್ರೆಯೊಂದನ್ನು ಗಾಳಿಸಹಿತವಾಗಿಯೂ, ಗಾಳಿಯನ್ನು ತೆಗೆದ ಬಳಿಕವೂ ತೂಗಿ, ಕಣ್ಣಿಗೆ ಕಾಣದ ವಾಯುವಿಗೂ ತೂಕವುಂಟೆಂಬುದನ್ನು ತಕ್ಕಡಿಯಿಂದಲೇ ಹೇಳಿಸಿದುದು. ಮೂಲ ಅರ್ಧಗೋಲಗಳು ಇಂದು ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಮಿನಲ್ಲಿವೆ.