ರೋಗಿಯ ಹಾಸಿಗೆಯ ಬಳಿ ಕ್ರೈಸ್ತ ಚಿಂತನೆ

ವಿಜಯಪುರದ ಜೋರಾಪುರ ಪೇಟೆಯಲ್ಲಿ ಯಾರಿಗಾದರೂ ದೊಡ್ಡ ಬೇನೆ ಬಂದರೆ ಮನೆಯವರ ಬಾಯಲ್ಲಿ ಬರುವ ಊರು ಎರಡು: ಸೋಲಾಪುರ, ಇಲ್ಲವೇ ಮಿರಜ. ಟಿಕೋಟಾ, ಅಥಣಿ ದಾಟಿ ಮಿರಜಕ್ಕೆ ಹೋಗುವ ರಸ್ತೆ ಎಷ್ಟೋ ತಲೆಮಾರುಗಳ ರೋಗಿಗಳನ್ನು ಕಂಡಿದೆ. ಅಲ್ಲಿನ ಮಿಷನ್ ದವಾಖಾನೆಯನ್ನು ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದರು. ದೇಹಕ್ಕೆ ಅಲ್ಲಿ ಔಷಧ ಸಿಕ್ಕಿತು. ಆದರೆ ಮಾತಾಡಿಸಲು ಬಂದವರು ಹೊಸ್ತಿಲಲ್ಲೇ ಆಡಿಬಿಡುವ ಮಾತೊಂದಿದೆಯಲ್ಲ, "ಯಾವ ಜನ್ಮದ ಪಾಪಾನೋ ಏನೋ" ಎಂಬುದು, ಅದಕ್ಕೆ ಏನು ಹೇಳುವುದು? ಕ್ರೈಸ್ತ ಚಿಂತನೆ ಎರಡು ಸಾವಿರ ವರ್ಷ ಈ ಮಾತಿನ ಜೊತೆ ಸೆಣಸಿದೆ.

ಯೇಸುವಿನ ಶಿಷ್ಯರದೂ ಅದೇ ಪ್ರಶ್ನೆ. ಹುಟ್ಟುಕುರುಡನನ್ನು ಕಂಡು, ಪಾಪ ಯಾರದು, ಇವನದೋ ತಂದೆತಾಯಿಯದೋ ಎಂದು ಕೇಳುತ್ತಾರೆ. ಇಬ್ಬರದೂ ಅಲ್ಲ ಎಂಬ ಉತ್ತರ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿದೆ. ಬೈಬಲಿನಲ್ಲೇ ಅದಕ್ಕೂ ಹಿಂದಿನ ಯೋಬನ ಗ್ರಂಥ ಇನ್ನೂ ಆಳಕ್ಕೆ ಇಳಿಯುತ್ತದೆ. ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತ ಯೋಬನ ಬಳಿ ಮೂವರು ಗೆಳೆಯರು ಏಳು ಹಗಲು, ಏಳು ರಾತ್ರಿ ತುಟಿ ಬಿಚ್ಚದೆ ನೆಲದ ಮೇಲೆ ಕೂರುತ್ತಾರೆ. ಬಾಯಿ ತೆರೆದ ಮೇಲೆ ನಿನ್ನ ತಪ್ಪೇ ಇರಬೇಕು ಎನ್ನುತ್ತಾರೆ. ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಈ ಗೆಳೆಯರೇ, ದೇವರನ್ನೇ ಪ್ರಶ್ನಿಸಿದ ಯೋಬನಲ್ಲ. ರೋಗಿಯ ಭೇಟಿಗೆ ಹೋಗುವ ಯಾರೇ ಆಗಲಿ ಮೊದಲು ಓದಬೇಕಾದ ಪುಸ್ತಕ ಇದು.

ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಯೋಬ ಕನ್ನಡದಲ್ಲಿ ಅಳತೊಡಗಿದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, ಮುಂದೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಕ್ಕೆ, 19ನೆಯ ಶತಮಾನ ಮುಗಿಯುವ ಮೊದಲೇ ವಿಜಯಪುರಕ್ಕೂ ಬಂತು. ನಡುವೆ 1876–78ರ ಬರ ಈ ಸೀಮೆಯನ್ನು ಹಿಂಡಿಹಾಕಿತ್ತು. ಹಸಿದವರ ಮುಂದೆ ಬರೀ ಉಪದೇಶ ನಿಲ್ಲುವುದಿಲ್ಲ. ಗಂಜಿ, ಅನಾಥ ಮಕ್ಕಳಿಗೆ ಆಸರೆ, ಔಷಧ ಇವೆಲ್ಲ ಸಾಂತ್ವನದ ಭಾಗವೇ ಆದವು. ಬೆಟಗೇರಿಯ ಮಿಷನ್ ದವಾಖಾನೆ ಜನರ ಬಾಯಲ್ಲಿ 'ಜರ್ಮನ್ ದವಾಖಾನೆ' ಆಯಿತು.

ಕರಾವಳಿಯಲ್ಲಿ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಊರಾಚೆ ತಳ್ಳಲ್ಪಟ್ಟ ಕುಷ್ಠರೋಗಿಯ ಹುಣ್ಣು ತೊಳೆದು ಪಟ್ಟಿ ಕಟ್ಟಿದ ಕೈ ಯಾವ ಪ್ರವಚನಕ್ಕೂ ಕಡಿಮೆಯಲ್ಲ. ಕುಷ್ಠರೋಗಿಯನ್ನು ಯೇಸು ಮುಟ್ಟಿಯೇ ವಾಸಿಮಾಡಿದ ಕಥೆ ಅವರ ಕೆಲಸದ ಬೆನ್ನೆಲುಬಾಗಿತ್ತು ಎಂದೇ ನಾನು ನಂಬುತ್ತೇನೆ.

20ನೆಯ ಶತಮಾನದ ನಡುವೆ ಚಿಂತನೆಯೂ ಮಗ್ಗುಲು ಬದಲಿಸಿತು. ಇಂಗ್ಲೆಂಡಿನ ಸಿ. ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ತರ್ಕಬದ್ಧ ಪುಸ್ತಕ ಬರೆದಿದ್ದರು. 1960ರಲ್ಲಿ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ, 1961ರಲ್ಲಿ ಬೇರೆ ಹೆಸರಿಟ್ಟುಕೊಂಡು ಪ್ರಕಟಿಸಿದ ದುಃಖದ ಟಿಪ್ಪಣಿಗಳಲ್ಲಿ ಆ ತರ್ಕದ ಧೈರ್ಯ ಕುಸಿದಿದೆ. ನನಗೆ ಎರಡನೆಯದೇ ಹೆಚ್ಚು ನಿಜ. ಕಥೋಲಿಕ ಸಭೆಯಲ್ಲಿ ಸಾಯುವ ಗಳಿಗೆಯ 'ಅಂತ್ಯಾಭ್ಯಂಗ' ಎಂದೇ ರೂಢಿಯಾಗಿದ್ದ ಸಂಸ್ಕಾರವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ರೋಗಿಗಳ ಅಭ್ಯಂಗವೆಂದು ಕರೆಯುವುದೇ ಲೇಸೆಂದಿತು. 1972ರಲ್ಲಿ ವಿಧಿಯೂ ಪರಿಷ್ಕಾರವಾಯಿತು. ಫಾದರ್ ಎಣ್ಣೆ ತಂದರೆ ಕೊನೆ ಬಂತು ಎಂದು ಬೆಚ್ಚುತ್ತಿದ್ದ ಮನೆಗಳಿಗೆ ಇದು ಸಣ್ಣ ನೆಮ್ಮದಿಯಲ್ಲ. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಸಂಕಟದ ಅರ್ಥವನ್ನು ಕುರಿತು ಪ್ರೇಷಿತ ಪತ್ರ ಬರೆದರು. 1993ರಿಂದ ಪ್ರತಿ ಫೆಬ್ರವರಿ 11 ರೋಗಿಗಳ ದಿನ.

ಇದೇ ಕಾಲದಲ್ಲಿ ಸ್ವಸ್ಥತಾ ಪ್ರಾರ್ಥನಾ ಕೂಟಗಳೂ ಬೆಳೆದವು. ಔಷಧ ಸೋತು ಕೈಚೆಲ್ಲಿದವರಿಗೆ ಅಲ್ಲಿ ಹಾಡು, ಜನ, ಹೆಸರು ಹಿಡಿದು ಪ್ರಾರ್ಥಿಸುವವರು ಸಿಕ್ಕರು. ಅದನ್ನು ಹಗುರವಾಗಿ ಕಾಣಬಾರದು. ಆದರೆ ವಾಸಿಯಾಗದಿದ್ದರೆ "ನಿಮ್ಮ ವಿಶ್ವಾಸ ಸಾಲದು" ಎನ್ನುವ ಮಾತು ಯೋಬನ ಗೆಳೆಯರ ಮಾತೇ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋಗಬೇಕಾಯಿತು. ಪೌಲನಿಗೆ ವಿಶ್ವಾಸ ಕಡಿಮೆಯಿತ್ತು ಎಂದು ಯಾರಾದರೂ ಅಂದಾರೆಯೇ? ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದದ್ದು ಗುಣವಾಗದವರಿಗಾಗಿಯೇ. ನೋವಿಗೆ ಮಾರ್ಫಿನ್, ಮನಸ್ಸಿಗೆ ಜೊತೆ, ಎರಡೂ ಅವರ ವಿಶ್ವಾಸದ ಕೆಲಸವಾಗಿತ್ತು.

ಪಾಪಕ್ಕೆ ಶಿಕ್ಷೆ ಎಂಬಲ್ಲಿಂದ ಪಕ್ಕದಲ್ಲಿ ಕೂರುವವರೆಗೆ ಬಂದ ಈ ದಾರಿಯ ಕನ್ನಡದ ಪಾಲು ದವಾಖಾನೆಯ ಸಿಸ್ಟರ್‌ಗಳು, ಮನೆಮನೆಗೆ ಹೋಗುತ್ತಿದ್ದ ಬೈಬಲ್ ಸ್ತ್ರೀಯರು, ಸಭೆಯ ಹಿರಿಯರ ನೆನಪಿನಲ್ಲಿದೆ. ವಿಜಯಪುರ, ಬಬಲೇಶ್ವರ, ಗುಳೇದಗುಡ್ಡದ ಕಡೆ ಅಂಥ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರು ರೋಗಿಗಳ ಬಳಿ ಏನು ಮಾಡಿದರು, ಏನು ಆಡದೆ ಉಳಿದರು ಎಂಬುದನ್ನು ಈಗಲೇ ಕೇಳಿ ಬರೆದಿಡಿ.