ನೈರ್ಮಲ್ಯ ಭೂಭರ್ತಿ

ನೈರ್ಮಲ್ಯ ಭೂಭರ್ತಿ : ಪುನರ್ಬಳಕೆಗೂ ಗೊಬ್ಬರಕ್ಕೂ ಒದಗದೆ ಉಳಿದ ನಗರದ ಘನತ್ಯಾಜ್ಯವನ್ನು, ಅದರ ದೋಷವು ನೆಲ, ಜಲ, ವಾಯುಗಳಿಗೆ ಸೋಂಕದಂತೆ ಸಿದ್ಧಪಡಿಸಿದ ಭೂಮಿಯಲ್ಲಿ ಪದರಪದರವಾಗಿ ಹರಡಿ, ಅದುಮಿ, ಮುಚ್ಚಿಡುವ ವ್ಯವಸ್ಥೆ. ರೂಢಿಯಲ್ಲಿ ಲ್ಯಾಂಡ್‌ಫಿಲ್ ಎನ್ನುವುದುಂಟು.

ಚರಿತ್ರೆ : ಬಯಲಿನಲ್ಲಿ ರಾಶಿ ಬಿದ್ದ ಕಸವು ನೊಣಗಳಿಗೂ ಇಲಿಗಳಿಗೂ ನೆಲೆಯಾಗಿ, ಅವುಗಳ ಮೂಲಕ ರೋಗವು ಊರಿಗೆ ಮರಳುತ್ತಿದ್ದುದನ್ನು ತಡೆಯುವುದೇ ಈ ಪದ್ಧತಿಯ ಮೂಲೋದ್ದೇಶವಾಗಿದ್ದಿತು. ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ ಜೀನ್ ವಿನ್ಸೆಂಜ್ 1937ರಲ್ಲಿ ಕಂದಕ ತೋಡಿ, ಕಸವನ್ನು ಸುರಿದು ಅದುಮಿ, ದಿನವೂ ಮಣ್ಣು ಹೊದಿಸುವ ಕ್ರಮವನ್ನು ಜಾರಿಗೆ ತಂದನು. ಆ ಹೊದಿಕೆ ನೊಣವನ್ನೂ ಇಲಿಯನ್ನೂ ದುರ್ಗಂಧವನ್ನೂ ಬೆಂಕಿಯನ್ನೂ ನಿಗ್ರಹಿಸಿತಾದರೂ ಕಂದಕದ ತಳಕ್ಕೆ ಯಾವ ರಕ್ಷಣೆಯೂ ಇರಲಿಲ್ಲ. 1987ರಲ್ಲಿ ಮುಚ್ಚಲ್ಪಟ್ಟ ಆ ಸ್ಥಳದ ಅಂತರ್ಜಲ ಕಲುಷಿತವಾಗಿದ್ದುದರಿಂದ, 1989ರಲ್ಲಿ ಅದನ್ನು ಶುದ್ಧೀಕರಣ ಅಗತ್ಯವಾದ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಬೇಕಾಯಿತು. ಮೇಲ್ಗಡೆ ಮುಚ್ಚಿದರೆ ಸಾಲದು, ಕೆಳಗಡೆಯನ್ನೂ ಕಾಯಬೇಕೆಂಬ ಪಾಠವನ್ನು ಫ್ರೆಸ್ನೊ ಕಲಿಸಿತು.

ರಚನೆ : ಕಸದ ಮೇಲೆ ಬಿದ್ದ ಮಳೆನೀರು ಅದರ ಮೂಲಕ ಇಳಿಯುವಾಗ ಕೊಳೆತ ಪದಾರ್ಥಗಳ ಸಾರವನ್ನೂ, ಲವಣಗಳನ್ನೂ, ಕೆಲವೊಮ್ಮೆ ಸೀಸ ಮೊದಲಾದ ಭಾರಲೋಹಗಳನ್ನೂ ಕರಗಿಸಿಕೊಂಡು ಲೀಚೇಟ್ ಎಂಬ ಕಪ್ಪು ದ್ರವವಾಗುತ್ತದೆ, ಬಾವಿಗಳಿಗೆ ಇದೇ ದೊಡ್ಡ ಶತ್ರು. ಆದಕಾರಣ ಭಾರತದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು, ತಳದಲ್ಲಿ 90 ಸೆಂಮೀ ದಪ್ಪದ ಜೇಡಿಮಣ್ಣನ್ನು ಗಟ್ಟಿಸಿ, ಅದರ ಮೇಲೆ 1.5 ಮಿಮೀ ದಪ್ಪದ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕೆಂದು ವಿಧಿಸಿದವು. ಆ ಜೇಡಿಯಲ್ಲಿ ನೀರು ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲೊಂದಂಶಕ್ಕಿಂತ, ಅಂದರೆ ವರ್ಷಕ್ಕೆ ಸುಮಾರು 3 ಸೆಂಮೀಗಿಂತ, ಹೆಚ್ಚಾಗಿ ಇಂಗಕೂಡದೆಂಬ ಮಿತಿಯಿದ್ದಿತು. ಹಾಸಿನ ಮೇಲಣ ಜಲ್ಲಿಯ ಪದರದಲ್ಲಿ ಹುದುಗಿಸಿದ ರಂಧ್ರಯುಕ್ತ ಕೊಳವೆಗಳು ಲೀಚೇಟನ್ನು ಸಂಗ್ರಹಿಸಿ ಶುದ್ಧೀಕರಣ ಘಟಕಕ್ಕೆ ಒಯ್ಯುತ್ತವೆ. ಸುತ್ತಲಿನ ಪರೀಕ್ಷಾಬಾವಿಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷಿಸಿ, ತಳ ಸೋರಿದರೆ ಕೂಡಲೇ ತಿಳಿಯುವಂತೆ ನೋಡಿಕೊಳ್ಳಲಾಗುತ್ತದೆ.

ಅನಿಲ : ಗಾಳಿಯಾಡದ ಆಳದಲ್ಲಿ ಸೂಕ್ಷ್ಮಜೀವಿಗಳು ಕಸವನ್ನು ಜೀರ್ಣಿಸುವಾಗ ಹುಟ್ಟುವ ಅನಿಲದಲ್ಲಿ ಸರಿಸುಮಾರು ಅರ್ಧಪಾಲು ಮೀಥೇನ್ ಇರುತ್ತದೆ. ಇದು ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಬೆರೆತಾಗ ಕಿಡಿ ತಗುಲಿದರೆ ಸ್ಫೋಟಿಸಬಲ್ಲುದು. ವಾಯುಮಂಡಲವನ್ನು ಸೇರಿದರೆ ಭೂಮಿಯ ತಾಪವನ್ನು ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ಅಧಿಕವಾಗಿ ಏರಿಸುವುದು. ಆದ್ದರಿಂದ ಕೊಳವೆಬಾವಿಗಳ ಮೂಲಕ ಇದನ್ನು ಹೀರಿ ತೆಗೆದು ಸುಟ್ಟುಬಿಡುತ್ತಾರೆ, ಇಲ್ಲವೆ ವಿದ್ಯುತ್ತಿನ ಉತ್ಪಾದನೆಗೆ ಬಳಸುತ್ತಾರೆ.

ಸ್ಥಳ ಮತ್ತು ಪಾಲನೆ : ಮೇಲ್ಕಂಡ 2016ರ ನಿಯಮಗಳ ಪ್ರಕಾರ ಭೂಭರ್ತಿಯು ನದಿಯಿಂದ 100 ಮೀ, ಕೆರೆ, ಜನವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀ ದೂರವಿರಬೇಕಾಗಿದ್ದಿತು. ದಿನದಿನದ ಕಸಕ್ಕೆ ಕನಿಷ್ಠ 10 ಸೆಂಮೀ ಹೊದಿಕೆಯೂ ಮಳೆಗಾಲಕ್ಕೆ ಮೊದಲು ಇನ್ನೂ ದಪ್ಪನಾದ ಹೊದಿಕೆಯೂ ಅವಶ್ಯವಾಗಿದ್ದವು. ತುಂಬಿದ ಬಳಿಕ ಜೇಡಿಯಿಂದ ಮುಚ್ಚಿ, ಮೇಲೆ ಹಸುರು ಬೆಳೆಸಿ, 15 ವರ್ಷಗಳಾದರೂ ಕಾಯಬೇಕಾಗಿದ್ದಿತು.

ಕರ್ನಾಟಕದಲ್ಲಿ : ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನರು ನೀರು ಕೆಟ್ಟು ದುರ್ವಾಸನೆ ಹಬ್ಬಿತೆಂದು ಹೋರಾಡಿದರು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ತಿಂಗಳ ಭಾರೀ ಮಳೆಗೆ ಕಸದ ಗುಡ್ಡವೇ ಜಾರಿ, ಕೆಳಗಿನ ಮಂದಾರ ಪ್ರದೇಶದ ಮನೆಗಳನ್ನೂ ಅಡಕೆಯ ತೋಟಗಳನ್ನೂ ಆವರಿಸಿತು. ಒಂದು ನಗರದ ಶುಚಿತ್ವಕ್ಕೆ ಪಕ್ಕದ ಹಳ್ಳಿ ಬೆಲೆ ತೆರುವುದು ಅನ್ಯಾಯವೆಂಬುದರಲ್ಲಿ ಸಂದೇಹವಿಲ್ಲ.

ಲೀಚೇಟಿನ ಉಗ್ರತೆಗೂ ಮೀಥೇನಿಗೂ ಮುಖ್ಯ ಕಾರಣ ಹಸಿಕಸವೇ ಆಗಿರುವುದರಿಂದ, ಅದನ್ನು ಮನೆಯಲ್ಲೇ ಬೇರ್ಪಡಿಸಿ ಗೊಬ್ಬರವಾಗಿಸಿ, ಬೇರಾವ ಉಪಯೋಗಕ್ಕೂ ಬಾರದ ಜಡ ವಸ್ತುಗಳನ್ನಷ್ಟೇ ಭೂಭರ್ತಿಗೆ ಕಳುಹಿಸಬೇಕೆಂಬುದು ನಿಯಮಗಳ ಆಶಯ. ಜೇಡಿಯೂ ಹಾಳೆಯೂ ಕೊಳವೆಗಳೂ ಆಮೇಲಿನ ಕಾವಲುಗಳು. ಮೊದಲನೆಯ ಕಾವಲು ಅಡುಗೆಮನೆಯಲ್ಲಿರುವುದು.